ಕಟ್ಟೆಯ ಮೇಲಿನ ಇಂಜಿನ್ನು

ಕರೆಂಟು ಹೋದರೆ ಲೋಕವೆಲ್ಲ ಸರಕಾರಕ್ಕೆ ಶಾಪ ಹಾಕುತ್ತದೆ. ಗುಳೇದಗುಡ್ಡದ ಆ ನೇಕಾರರ ಓಣಿಯಲ್ಲೂ ಹಾಕುತ್ತಿದ್ದರು. ಗುರುಲಿಂಗವ್ವನೂ ಹಾಕುತ್ತಿದ್ದಳು, ಹಾಕದಿದ್ದರೆ ನಾಲ್ಕು ಮಂದಿ ಏನಂದುಕೊಂಡಾರು? ಆದರೆ ಸುಳ್ಳು ಯಾಕೆ ಹೇಳಬೇಕು, ಒಳಗೊಳಗೇ ಅವಳಿಗೆ ಹಿಗ್ಗು.

ಅದು ಎಂಬತ್ತೇಳನೇ ಇಸವಿಯ ಬೇಸಿಗೆ. ದಿನಾ ಸಂಜೆ ಏಳಕ್ಕೆ ಹೋದ ಕರೆಂಟು ಒಂಬತ್ತಕ್ಕೆ ಬರುತ್ತಿತ್ತು. ಆ ಎರಡು ತಾಸು ಓಣಿಯ ಹೆಂಗಸರೆಲ್ಲ ಸೆಕೆ ತಾಳಲಾರದೆ ಹೊರಗೆ ಬಂದು ಗುರುಲಿಂಗವ್ವನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಓಣಿಯಲ್ಲಿ ಅಷ್ಟು ಉದ್ದದ ಕಟ್ಟೆ ಇನ್ನೊಂದಿರಲಿಲ್ಲ. ಅವಳ ಗಂಡ ರಾಚಪ್ಪ ಬದಾಮಿ ಕಡೆಯಿಂದ ಚಕ್ಕಡಿಯಲ್ಲಿ ಕೆಂಪು ಹಾಸುಗಲ್ಲು ತರಿಸಿ, ಎದುರು ನಿಂತು ಕಟ್ಟಿಸಿದ್ದ. ಕಟ್ಟೆ ಉಳಿಯಿತು, ಅವನು ಹೋಗಿ ಆರು ವರ್ಷವಾಗಿತ್ತು. ಮಕ್ಕಳಿಲ್ಲ. ನಲವತ್ತೇಳರ ಗುರುಲಿಂಗವ್ವ ಒಬ್ಬಳೇ ಬೆಳಗಿನಿಂದ ಸಂಜೆತನಕ ಮಗ್ಗದಲ್ಲಿ ಕೂತು ರವಿಕೆಯ ಖಣ ನೇಯುತ್ತಿದ್ದಳು. ಹಗಲು ಮಗ್ಗದ ಸಪ್ಪಳ ಜೊತೆಗಿರುತ್ತಿತ್ತು. ಸಂಜೆ ಅದು ನಿಂತಿತೆಂದರೆ ಮನೆ ಬಾಯಿ ತೆರೆದು ನಿಲ್ಲುತ್ತಿತ್ತು. ಒಬ್ಬಳಿಗೆಂದು ಒಲೆ ಹಚ್ಚಿ, ಒಂದೂವರೆ ರೊಟ್ಟಿ ಬಡಿದು ಉಣ್ಣುವುದು ಎಂಥ ಬೇಸರದ ಕೆಲಸ ಎಂಬುದು ಹಚ್ಚಿದವರಿಗೇ ಗೊತ್ತು.

ಹೀಗಾಗಿ ಆ ಕತ್ತಲಿನ ಎರಡು ತಾಸೇ ಅವಳ ದಿನ. ಉಳಿದ ಇಪ್ಪತ್ತೆರಡು ತಾಸು ಸುಮ್ಮನೆ ಅದಕ್ಕಾಗಿ ಕಾಯುವುದು.

ಆ ಕಟ್ಟೆಗೊಂದು ರೂಢಿಯಿತ್ತು. ಕತ್ತಲೆಯಲ್ಲಿ ಯಾರಾದರೂ ಬಂದು ಕೂತರೆ "ಯಾರು?" ಎಂದು ಕೇಳಬಾರದು. ಕಂದೀಲು, ಬ್ಯಾಟರಿ ಯಾವುದನ್ನೂ ತರಬಾರದು. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ. ಓಣಿಯ ಕೊನೆಯ ಮನೆಯ ರೋಷನಬಿ ಮಾತ್ರ ಅದರ ನ್ಯಾಯಾಧೀಶೆ ಇದ್ದ ಹಾಗೆ. "ಯಾರು ಅಂತ ಕೇಳಿದ್ರ ಎದ್ದು ಹೋಗ್ತಾರವ್ವಾ. ಕುಂತಾರು ಕುಂದರ್ಲಿ," ಎನ್ನುತ್ತಿದ್ದಳು. ಹಗಲಲ್ಲಿ ಅತ್ತೆಯೆದುರು ಸರಿಸಮ ಕೂಡಲಾರದ ಸೊಸೆಯಂದಿರು ಆ ಕತ್ತಲೆಯಲ್ಲಿ ಅತ್ತೆಯ ಮಗ್ಗುಲಲ್ಲೇ ಕೂತು ಕಾಲು ಚಾಚುತ್ತಿದ್ದರು. ಅತ್ತೆಯಂದಿರೂ ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುತ್ತಿದ್ದರು. ಎಲ್ಲರಿಗೂ ಬೇಕಾದ ಕುರುಡು ಅದು.

ಎದುರು ಮನೆಯ ಸಕ್ರವ್ವನ ಸೊಸೆ ಬೋರವ್ವ ಹುನಗುಂದದ ಕಡೆಯ ಹುಡುಗಿ. ಹತ್ತೊಂಬತ್ತು ವಯಸ್ಸಿರಬಹುದು. ಹೋದ ವರ್ಷ ಅವಳ ತಾಯಿ ತೀರಿಕೊಂಡಿದ್ದಳು. ಸಕ್ರವ್ವ ಕೆಟ್ಟವಳಲ್ಲ, ನಾಲಗೆ ಮಾತ್ರ ಕತ್ತರಿ. "ಅತ್ತರ ಸತ್ತಾಕಿ ಬರ್ತಾಳೇನ? ಏಳು, ಕಂಡಿಕಿ ಸುತ್ತು," ಎಂದು ಹದಿಮೂರನೆಯ ದಿನವೇ ನೂಲು ಸುತ್ತುವ ರಾಟಿಯ ಮುಂದೆ ಕೂಡಿಸಿದ್ದಳು. ಆ ಹುಡುಗಿ ಕರೆಂಟು ಹೋದೊಡನೆ ಬರಿಗಾಲಲ್ಲಿ ಓಣಿ ದಾಟಿ ಬಂದು, ಏನೂ ಮಾತಾಡದೆ ಗುರುಲಿಂಗವ್ವನ ತೊಡೆಯ ಮೇಲೆ ತಲೆ ಇಡುತ್ತಿದ್ದಳು. ಗುರುಲಿಂಗವ್ವ ಕೂದಲಲ್ಲಿ ಬೆರಳಾಡಿಸುತ್ತಿದ್ದಳು. ಇಬ್ಬರೂ ಆ ಸಂಗತಿಯನ್ನು ಹಗಲಿನಲ್ಲಿ ಎಂದೂ ಎತ್ತಿದವರಲ್ಲ. ಹಗಲು ಎದುರಾದರೆ, "ನೀರ ಬಂತೇನ್ರಿ ಚಿಗವ್ವಾ?" "ಬಂತವಾ," ಇಷ್ಟೇ.

ಒಂಬತ್ತಕ್ಕೆ ಬಲ್ಬು ಹತ್ತಿದೊಡನೆ "ಬಂತು, ಬಂತು!" ಎಂದು ಎಲ್ಲರೂ ಸೆರಗು ಝಾಡಿಸಿ ಏಳುತ್ತಿದ್ದರು. ಬೋರವ್ವನ ತಲೆ ಎಲ್ಲರಿಗಿಂತ ಮೊದಲು ತೊಡೆಯಿಂದ ಮಾಯವಾಗುತ್ತಿತ್ತು. ಎಷ್ಟು ಹೊತ್ತು? ಚಿಟಿಕೆ ಹೊಡೆಯುವಷ್ಟರಲ್ಲಿ ಕಟ್ಟೆ ಬರಿದು. ಗುರುಲಿಂಗವ್ವನಿಗೆ ಅದೇ ತಡೆಯಲಾಗುತ್ತಿರಲಿಲ್ಲ. ಕತ್ತಲೆಗೆ ಬಂದವರು ಬೆಳಕಿಗೆ ಯಾಕೆ ನಿಲ್ಲಬಾರದು? ಕೆಲಸವಿರುತ್ತದೆ, ಅದಕ್ಕೇ ಓಡುತ್ತಾರೆ. ಆ ಕೆಲಸವನ್ನೇ ಇಲ್ಲಿಗೆ ತಂದರೆ? ಹೀಗೆ ಅವಳ ತಲೆಯಲ್ಲಿ ಹುಳ ಹೊಕ್ಕಿತು.

ಅಂಥ ಹೊತ್ತಿಗೇ ಅವಳ ತಮ್ಮ ಕಾಶಪ್ಪ ಬಂದ. ಬಾಗಲಕೋಟೆಯಲ್ಲಿ ಮದುವೆ, ಮುಂಜಿಗೆ ಮೈಕ್ ಸೆಟ್ಟು ಬಾಡಿಗೆ ಕೊಡುವವನು. ಕಟ್ಟೆಯ ಮೇಲೆ ಕತ್ತಲಲ್ಲಿ ಅಕ್ಕ ಕೂತದ್ದನ್ನು ನೋಡಿ ಅವನ ಕರುಳು ಚುರಕ್ಕೆಂದಿತು.

"ಎಕ್ಕಾ, ನೀ ಹಿಂಗ ಕತ್ತಲ್ಯಾಗ ಕುಂದ್ರೂದು ನನಗ ನೋಡಾಕ ಆಗವಲ್ದು. ನಾ ಹೊಸಾ ಜನರೇಟರ್ ತಂದೇನಿ. ಹಳೇದು ಸುಮ್ಮ ಬಿದ್ದೈತಿ. ತಂದು ಕೂಡಿಸಿ ಕೊಡ್ತೇನಿ."

"ನನಗೊಬ್ಬಾಕಿಗೆ ಯಾಕೋ ಅದು?" ಎಂದಳು. ಎಂದು ಮುಗಿಸುವ ಮೊದಲೇ ಅವಳ ಕಣ್ಣ ಮುಂದೆ ಪಡಸಾಲೆ ತುಂಬ ಹೆಂಗಸರು, ಹತ್ತು ರಾಟಿ, ಚಹಾದ ಬೋಗುಣಿ ಎಲ್ಲ ಬಂದು ಕೂತವು. "ತಂದ್ರ ತಾ," ಎಂದಳು.

ಕಾಶಪ್ಪ ಮುಂದಿನ ರವಿವಾರ ಟೆಂಪೋದಲ್ಲಿ ತಂದೇಬಿಟ್ಟ. ಸೀಮೆಎಣ್ಣೆಯ ಇಂಜಿನ್ನಿಗೆ ಡೈನಮೋ ಜೋಡಿಸಿದ ಗಡವ. ಇಳಿಸಲು ನಾಲ್ಕು ಗಂಡಾಳು ಬೇಕಾದರು. ಅದನ್ನು ಎಲ್ಲಿ ಇಡುವುದೆಂಬುದೇ ಫಜೀತಿಯಾಯಿತು. ಒಳಗೆ ಇಟ್ಟರೆ ಹೊಗೆಗೆ ಉಸಿರು ಕಟ್ಟಿ ಸಾಯಬೇಕು, ಮೇಲಾಗಿ ಮಗ್ಗದ ಸುತ್ತ ನೂಲಿನ ಧೂಳು, ಒಂದು ಕಿಡಿ ಸಾಕು. ಹಿತ್ತಿಲೆಂಬುದು ಇರಲಿಲ್ಲ, ನೇಕಾರರ ಮನೆಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಓಣಿಯಲ್ಲಿಟ್ಟರೆ ಚಕ್ಕಡಿ ದಾಟುವುದಿಲ್ಲ.

"ಕಟ್ಟಿ ಮ್ಯಾಲೆ ಇಡೂಣು," ಎಂದ ಕಾಶಪ್ಪ.

ಗುರುಲಿಂಗವ್ವ ಕಟ್ಟೆಯತ್ತ ತಿರುಗಿ ನೋಡಿದಳು. "ಕಟ್ಟಿ ಮ್ಯಾಲೆ ಮಂದಿ ಕುಂದ್ರತಾರಲ್ಲೋ."

"ಬೆಳಕ ಬಂದ ಮ್ಯಾಲೆ ಹೊರಗ ಯಾಕ ಕುಂದ್ರತಾರ? ಒಳಗ ಕರಿ."

ಹೌದಲ್ಲ, ಎಂದುಕೊಂಡಳು. ಮನುಷ್ಯ ತನಗೆ ಬೇಕಾದದ್ದನ್ನು ಎಷ್ಟು ಬೇಗ ಒಪ್ಪಿಕೊಳ್ಳುತ್ತಾನೆ ನೋಡಿ! ರಾಚಪ್ಪನ ಕೆಂಪು ಕಲ್ಲಿಗೆ ನಾಲ್ಕು ತೂತು ಬಿದ್ದವು, ಬೋಲ್ಟು ಬಿಗಿದರು, ಮಳೆಗೆ ಮೇಲೊಂದು ತಗಡು, ಸುತ್ತ ಕಬ್ಬಿಣದ ಜಾಳಿಗೆ. ಮನೆಯ ಪಕ್ಕದ ಸಂದಿಯಲ್ಲಿ ತಗ್ಗು ತೋಡಿ, ಇದ್ದಿಲು ಉಪ್ಪು ತುಂಬಿ, ಅದರಲ್ಲಿ ಅರ್ಥಿಂಗಿನ ತಂತಿ ಹೂತರು. "ಇದಕ್ಕ ದಿನಾ ಒಂದ ಚರಿಗಿ ನೀರ ಹಾಕ, ಮರೀಬ್ಯಾಡ," ಎಂದ.

ಕೊನೆಗೆ ಪಡಸಾಲೆಯ ಗೋಡೆಗೆ ಒಂದು ಕಬ್ಬಿಣದ ಡಬ್ಬಿ ಬಡಿದು, ಅದರ ಹಿಡಿಕೆ ತೋರಿಸಿದ. "ಎಕ್ಕಾ, ಲಕ್ಷ್ಯ ಕೊಟ್ಟ ಕೇಳ. ಹಿಡಿಕಿ ಮ್ಯಾಲೆ ಇದ್ರ ಸರಕಾರದ ಕರೆಂಟು. ಕೆಳಗ ಇದ್ರ ನಿನ್ನ ಕರೆಂಟು. ಇದನ್ನ ಹಾಕದ ಬರೇ ವಾಯರ್ ಜೋಡಿಸಿದ್ರ ನಿನ್ನ ಕರೆಂಟು ಕಂಬಕ್ಕೇರಿ, ಅಲ್ಲಿ ಕೆಲಸಾ ಮಾಡೂ ಲೈನಮನ್ನನ ಜೀವಾ ತಗೀತೈತಿ."

"ಅಯ್ಯ ಶಿವನ! ನಡಕ ನಿಂತ್ರ?"

"ನಡಕ ನಿಂತ್ರ ಯಾರದೂ ಇಲ್ಲ. ಊರಿಗೆಲ್ಲಾ ಕರೆಂಟಿದ್ರೂ ನಿನ್ನ ಮನಿಗೆ ಕತ್ತಲಿ."

"ಅದು ಯಾರಿಗೆ ಬೇಕಾಗೇತೋ ಮಾರಾಯಾ," ಎಂದು ನಕ್ಕಳು.

ಮೊದಲು ಚೂರು ಪೆಟ್ರೋಲಿನಲ್ಲಿ ಶುರುಮಾಡಿ, ಕಾವು ಹಿಡಿದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದನ್ನು, ಗಾಲಿಗೆ ಹಗ್ಗ ಸುತ್ತಿ ಎಳೆಯುವುದನ್ನು ಮೂರು ಸಲ ಮಾಡಿಸಿ ಕಲಿಸಿದ. ಮಗ್ಗ ತುಳಿದ ಮೈ, ತೋಳಿನಲ್ಲಿ ಕಸುವಿತ್ತು. ಮೂರನೆಯ ಸಲಕ್ಕೆ ಇಂಜಿನ್ನು ಧಡಧಡ ಎಂದು ಎದ್ದಿತು, ಪಡಸಾಲೆಗೆ ಅವನೇ ತಂದು ಹಾಕಿದ ಎರಡು ಟ್ಯೂಬ್‌ಲೈಟು ಕಣ್ಣು ಪಿಳುಕಿಸಿ ಹತ್ತಿದವು. ಕಾಶಪ್ಪ ಅಕ್ಕನ ಮುಖ ನೋಡಿ ತೃಪ್ತಿಯಿಂದ ಊರಿಗೆ ಹೋದ. ಪಾಪ, ಅವನದೇನೂ ತಪ್ಪಿಲ್ಲ.

ಸೋಮವಾರ ಸಂಜೆ ಏಳಕ್ಕೆ ಕರೆಂಟು ಹೋಯಿತು. ಇಂಜಿನ್ನು ಎದ್ದಿತು. ಓಣಿಗೆ ಓಣಿಯೇ ಬಂತು ನೋಡಲಿಕ್ಕೆ. ಹೆಂಗಸರು ಪಡಸಾಲೆಗೆ ಬಂದು ಜಮಖಾನೆಯ ಮೇಲೆ ಕೂತರು. ಗುರುಲಿಂಗವ್ವ ಚುರುಮುರಿ ಒಗ್ಗರಣೆ ಹಾಕಿದ್ದಳು, ಚಹಾ ಕುದಿಸಿದ್ದಳು. ಮದುವೆಯ ಮನೆಯಂತೆ ಓಡಾಡಿದಳು. ಗೋಡೆಯ ಹಿಡಿಕೆ ಮೇಲಿದ್ದರೆ ಏನು, ಕೆಳಗಿದ್ದರೆ ಏನು, ನಡುವೆ ನಿಂತರೆ ಏನು ಎಂದು ಎಲ್ಲರಿಗೂ ತೋರಿಸಿದಳು.

"ಭಾಳ ಚಲೋ ಆತ ನೋಡ!" ಎಂದು ಸಕ್ರವ್ವ ಕೂಗಿದಳು. ಕೂಗಲೇಬೇಕಿತ್ತು, ಹೊರಗೆ ಆ ಗಡವ ಹಲ್ಲು ಕಡಿಯುತ್ತಿತ್ತು.

"ಆಂ?" ಎಂದಳು ರೋಷನಬಿ.

"ಚಲೋ ಆತು ಅಂದೆ!"

"ಯಾರಿಗೆ ಆತು?"

ಎಲ್ಲರೂ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಸೊಸೆಯಂದಿರು ಸೆರಗು ಹಣೆತನಕ ಎಳೆದುಕೊಂಡು ಗೋಡೆಗೆ ಅಂಟಿ ನಿಂತರು, ಬೆಳಕಿನಲ್ಲಿ ಅತ್ತೆಯೆದುರು ಕೂಡುವುದುಂಟೇ? ಬೋರವ್ವ ಬಾಗಿಲ ಹತ್ತಿರ ನಿಂತಳು. ಗುರುಲಿಂಗವ್ವ "ಬಾರವಾ, ಕುಂದ್ರು," ಎಂದು ಕೈ ಹಿಡಿದು ಎಳೆದರೆ, ಸಕ್ರವ್ವ ಒಮ್ಮೆ ಸುಮ್ಮನೆ ಕಣ್ಣೆತ್ತಿ ನೋಡಿದಳು. ಅಷ್ಟೇ. ಹುಡುಗಿಯ ಕೈ ಹಾವು ಜಾರಿದ ಹಾಗೆ ಜಾರಿತು.

ಮರುದಿನ ಅರ್ಧ ಮಂದಿ ಬಂದರು. ಮೂರನೆಯ ದಿನ ನಾಲ್ಕು ಮಂದಿ ರಾಟಿ ತಂದರು, ತಾಸು ಕೂತು "ತಲಿ ನೋಯಾಕ ಹತ್ತೇತವ್ವಾ," ಎಂದು ಎದ್ದರು. ಐದನೆಯ ದಿನಕ್ಕೆ ಯಾರೂ ಇಲ್ಲ. ಗುರುಲಿಂಗವ್ವ ಜಮಖಾನೆ ಹಾಸಿ ಕೂತಳು. ಎರಡು ಟ್ಯೂಬ್‌ಲೈಟು ಬರೀ ಗೋಡೆಗೆ ಬೆಳಕು ಚೆಲ್ಲಿದವು. ಕಟ್ಟೆಯ ಮೇಲೆ ಕೂಡೋಣವೆಂದರೆ ಅಲ್ಲಿ ಜಾಗವಿಲ್ಲ, ಹೊಗೆ ಬೇರೆ. ಮಂದಿಯ ಜಾಗದಲ್ಲಿ ಇಂಜಿನ್ನನ್ನು ತಾನೇ ಕೈಯಾರೆ ಕೂಡಿಸಿದ್ದಳು. ಇನ್ನು ಯಾರನ್ನು ಬಯ್ಯುವುದು?

ಬಾಗಿಲಲ್ಲಿ ನಿಂತು ನೋಡಿದರೆ ಓಣಿಯ ಕೊನೆಯಲ್ಲಿ, ರೋಷನಬಿಯ ಗಿಡ್ಡ ಕಟ್ಟೆಯ ಸುತ್ತ ಕಪ್ಪಗೆ ಒಂದು ಗುಂಪು ಕಾಣುತ್ತಿತ್ತು. ಆ ಕಟ್ಟೆ ಅರ್ಧ ಕಿತ್ತುಹೋಗಿತ್ತು, ಪಕ್ಕದಲ್ಲೇ ಗಟಾರ. ಆ ವಾಸನೆಯಲ್ಲಿ, ನೆಲದ ಮೇಲೆ ಕೂತರೂ ಅಡ್ಡಿಯಿಲ್ಲ, ನನ್ನ ಮನೆ ಬೇಡವಾಯಿತು ಇವರಿಗೆ! ಅವಳಿಗೆ ಸಿಟ್ಟು ಬಂತು. ಮರುದಿನ ನಳದ ಹತ್ತಿರ ರೋಷನಬಿಯನ್ನು ಹಿಡಿದು ಕೇಳಿಯೇಬಿಟ್ಟಳು.

"ಯಾಕ ಎಕ್ಕಾ, ನನ್ನ ಮನ್ಯಾಗ ಏನ ಮುಳ್ಳ ಅದಾವೇನ?"

ರೋಷನಬಿ ಕೊಡಕ್ಕೆ ನೀರು ತುಂಬುತ್ತ, "ಹಂಗೇನಿಲ್ಲ ತಂಗಿ. ನಿನಗೀಗ ಬೆಳಕ ಐತಿ. ಕತ್ತಲ್ಯಾಗ ಇರೂ ಮಂದಿ ನಾವು, ನಿನಗ್ಯಾಕ ತ್ರಾಸ ಕೊಡೂದು ಅಂತ," ಎಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹದಿನೈದು ದಿನ ಹಾಗೇ ಕಳೆದವು. ಛಲಕ್ಕೆ ಬಿದ್ದವಳಂತೆ ದಿನಾ ಇಂಜಿನ್ನು ಹಚ್ಚುತ್ತಿದ್ದಳು. ಒಂದು ದಿನ ಟ್ಯೂಬ್‌ಲೈಟಿನ ಕೆಳಗೆ ಕೂತು, ಗಂಡ ಸತ್ತಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲವಲ್ಲ ಎಂದುಕೊಂಡಳು. ಆಗ ಮನೆ ತುಂಬ ಅಳುವವರಿದ್ದರು. ಈಗ ಅಳಬೇಕೆಂದರೂ ತನ್ನ ಅಳು ತನಗೇ ಕೇಳದಂಥ ಗದ್ದಲ. ಎದ್ದು ಹೊರಗೆ ಹೋದಳು. ಎಣ್ಣೆಯ ಕಾಕು ತಿರುವಿ ಬಂದ್ ಮಾಡಿದಳು.

ಇಂಜಿನ್ನು ಎರಡು ಸಲ ಕೆಮ್ಮಿ, ನಡುಗಿ, ನಿಂತಿತು. ಮನೆ ಕತ್ತಲಾಯಿತು. ಕಿವಿಯಲ್ಲಿ ಇನ್ನೂ ಗುಂಯ್‌ಗುಡುವುದು ಕಡಿಮೆಯಾದಂತೆ, ಓಣಿಯ ಕೊನೆಯಿಂದ ಮೆಲ್ಲಗೆ ದನಿಗಳು ಬಂದವು. ಯಾರೋ ಏನೋ ಹೇಳುತ್ತಿದ್ದರು. ಯಾರೋ ನಕ್ಕರು. ತೆಳ್ಳನೆಯ, ಮೂಗಿನಲ್ಲಿ ಬರುವ ನಗು. ಬೋರವ್ವ! ಆ ಹುಡುಗಿ ನಕ್ಕದ್ದನ್ನು ಟ್ಯೂಬ್‌ಲೈಟಿನ ಕೆಳಗೆ ಅವಳು ಒಮ್ಮೆಯೂ ಕೇಳಿರಲಿಲ್ಲ. ಆಗ ಗುರುಲಿಂಗವ್ವನಿಗೆ ತಾನು ಏನು ಮಾಡಿದೆನೆಂಬುದು ಹೊಳೆಯಿತು. ಅವರು ಕಟ್ಟೆಗೆ ಬಂದದ್ದು ಕಲ್ಲಿಗಲ್ಲ, ಚಹಾಕ್ಕಲ್ಲ, ತನಗಾಗಿಯೂ ಅಲ್ಲ. ಯಾರೂ ಯಾರಿಗೂ ಕಾಣದೆ ಎರಡು ತಾಸು ಕೂಡಲಿಕ್ಕೆ ಬರುತ್ತಿದ್ದರು. ಆ ಕತ್ತಲೆಯನ್ನೇ ತಾನು ಓಡಿಸಿದ್ದಳು.

ಇಂಜಿನ್ನು ನಿಂತದ್ದು ಅವರಿಗೂ ಗೊತ್ತಾಯಿತು. ಅಲ್ಲಿಯ ಮಾತೂ ನಿಂತಿತು.

"ಯಾಕ ಗುರುಲಿಂಗವ್ವಾ, ಎಣ್ಣಿ ತೀರೇತೇನ?" ಎಂದು ಸಕ್ರವ್ವನ ದನಿ.

ಇಂಜಿನ್ನಿನ ಡಬ್ಬಿ ತುಂಬ ಎಣ್ಣೆಯಿತ್ತು. "ಹೂಂ ಸಕ್ರವ್ವಾ, ತೀರೇತಿ," ಎಂದಳು.

ಆಮೇಲೆ ರೋಷನಬಿ, "ಹಂಗಾರ ಅಲ್ಲೇನ ಮಾಡ್ತಿ ಒಬ್ಬಾಕಿ? ಇತ್ತಾಗ ಬಾ," ಎಂದಳು.

ಗೋಡೆ ತಡವುತ್ತ ಹೋದಳು. ಯಾರೋ ಸರಿದು ಜಾಗ ಕೊಟ್ಟರು, ಅರ್ಧ ಕಲ್ಲು, ಅರ್ಧ ಮಣ್ಣು. ಕೂತಳು. ಸ್ವಲ್ಪ ಹೊತ್ತಿಗೆ ತೊಡೆಯ ಮೇಲೆ ಒಂದು ತಲೆ ಬಂದು ಬಿತ್ತು. ಅವಳು ಬೆರಳನ್ನು ಕೂದಲಿಗೆ ಇಟ್ಟಳೋ ಇಲ್ಲವೋ, ಓಣಿಯ ಮನೆಗಳೆಲ್ಲ ಭಗ್ಗೆಂದು ಹತ್ತಿದವು. "ಬಂತು, ಬಂತು!" ತಲೆ ಮಾಯ. ಜನ ಮಾಯ. ಪರರ ಕಟ್ಟೆಯ ಮೇಲೆ ಗುರುಲಿಂಗವ್ವ ಒಬ್ಬಳೇ. ಸೀರೆ ತೊಡೆಯ ಹತ್ತಿರ ಒಂದು ರೂಪಾಯಿ ಅಗಲದಷ್ಟು ಒದ್ದೆಯಾಗಿತ್ತು. ಅದರ ಮೇಲೆ ಕೈ ಇಟ್ಟುಕೊಂಡೇ ಮನೆಗೆ ಬಂದಳು.

ಮರುದಿನ ಬಸ್ಸಿನವನ ಕೈಯಲ್ಲಿ ತಮ್ಮನಿಗೆ ಹೇಳಿಕಳಿಸಿದಳು. ಕಾಶಪ್ಪ ಗಾಬರಿಯಿಂದ ಬಂದ.

"ಕೆಟ್ಟೇತೇನ ಎಕ್ಕಾ?"

"ಇಲ್ಲೋ. ಭಾಳ ಚಲೋ ನಡೀತೈತಿ. ಒಯ್ಯಿ."

ಅವನಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕನ ಮುಖ ನೋಡಿ ಬೋಲ್ಟು ಬಿಚ್ಚಿಸಿದ. "ಗ್ವಾಡಿ ಮ್ಯಾಲಿನ ಡಬ್ಬಿನೂ ಬಿಚ್ಚಲೇನ?"

ಗುರುಲಿಂಗವ್ವ ಆ ಹಿಡಿಕೆಯನ್ನು ಒಂದಿಷ್ಟು ಹೊತ್ತು ನೋಡಿದಳು. "ಅದು ಇರ್ಲಿ ಬಿಡು," ಎಂದಳು.

ಟೆಂಪೋ ಹೋದ ಮೇಲೆ ಬೂದಿ, ಹುಣಸೆಹಣ್ಣು ಹಚ್ಚಿ ಕಟ್ಟೆ ತಿಕ್ಕಿದಳು. ಎಣ್ಣೆಯ ಕಲೆ ಪೂರ್ತಿ ಹೋಗಲಿಲ್ಲ, ನಾಲ್ಕು ತೂತು ಹಾಗೇ ಉಳಿದವು. ಆರೂವರೆಗೆ ದೀಪ ಹಚ್ಚಿ, ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ನಿಂತಳು. ಮೇಲೆ ಬಲ್ಬು ಉರಿಯುತ್ತಿತ್ತು. ಅದಕ್ಕೆ ಕೈ ಮುಗಿದು, "ಹೋಗಿ ಬಾ ತಾಯಿ," ಎಂದಳು. ಯಾರಾದರೂ ಕೇಳಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಏಳಕ್ಕೆ ಕರೆಂಟು ಹೋಯಿತು. ಅವಳು ಗೋಡೆ ತಡವಿ, ಹಿಡಿಕೆಯನ್ನು ಕೆಳಗೆ ಎಳೆದು ನಡುವೆ ನಿಲ್ಲಿಸಿದಳು. ಹೊರಗೆ ಬಂದು ಕಟ್ಟೆಯ ಒಂದು ಮೂಲೆಗೆ ಕೂತಳು.

ಬರುತ್ತಾರೋ ಇಲ್ಲವೋ! ಎದೆ ಮದುವಣಗಿತ್ತಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಓಣಿಯಲ್ಲಿ ಒಂದು ಕದ ಕಿರುಗುಟ್ಟಿತು. ಹೆಜ್ಜೆ ಕೇಳಿದವು, ರೋಷನಬಿಯ ಮನೆಯತ್ತ ಹೋದವು. ಗುರುಲಿಂಗವ್ವ ಕಣ್ಣು ಮುಚ್ಚಿದಳು. ಹೆಜ್ಜೆ ನಿಂತವು. ಆಮೇಲೆ ಎರಡು ಜೋಡಿ ಹೆಜ್ಜೆ ತಿರುಗಿ ಇತ್ತ ಬಂದವು. ಯಾರೋ ಕಟ್ಟೆಯನ್ನು ಅಂಗೈಯಿಂದ ಸವರಿ ನೋಡಿದರು.

"ಬಿಸಿ ಐತಿ ಕಲ್ಲು," ಎಂದು ರೋಷನಬಿ ಕೂತಳು. "ನಮ್ಮ ಗಟಾರದ ದಂಡಿ ಸಾಕಾಗಿತ್ತವ್ವಾ."

ಒಬ್ಬೊಬ್ಬರೇ ಬಂದರು. ಯಾರೂ ಇಂಜಿನ್ನಿನ ಮಾತೆತ್ತಲಿಲ್ಲ, ಅದು ಅವರ ದೊಡ್ಡಸ್ತಿಕೆ. ಎಡಕ್ಕೆ ಯಾರೋ ಕೂತರು, ಅವಳು ಕೇಳಲಿಲ್ಲ. ತೊಡೆಯ ಮೇಲೆ ತಲೆ ಬಂತು, ಅದನ್ನಂತೂ ಕೇಳುವುದೇ ಬೇಕಿರಲಿಲ್ಲ.

ಒಂಬತ್ತಕ್ಕೆ ಓಣಿ ಹತ್ತಿತು. "ಬಂತು, ಬಂತು!" ಎಂದು ಎಲ್ಲರೂ ಏಳತೊಡಗಿದರು. ಕಂಬದ ಬಲ್ಬು ಸುಟ್ಟು ವರ್ಷವಾಗಿತ್ತು, ಗುರುಲಿಂಗವ್ವನ ಮನೆ ಕಪ್ಪಗೇ ಉಳಿಯಿತು. ಕಟ್ಟೆಯೂ ಕಪ್ಪಗೇ ಉಳಿಯಿತು.

"ಅಯ್ಯ, ನಿನಗ ಬರ್ಲಿಲ್ಲೇನ?" ಎಂದಳು ಸಕ್ರವ್ವ.

"ಇಲ್ಲವಾ. ಏನಾಗೇತೋ ಏನೋ."

ಸಕ್ರವ್ವ ಓಣಿಯ ನಡುವೆ ನಿಂತಳು. ಅವಳ ಮನೆಯ ಬೆಳಕು ಬೆನ್ನಿಗಿತ್ತು, ಮುಖ ಕಾಣುತ್ತಿರಲಿಲ್ಲ. ಗುರುಲಿಂಗವ್ವನ ತೊಡೆಯ ಮೇಲಿನ ತಲೆ ಅವಸರದಿಂದ ಏಳಲು ಹೋಯಿತು.

"ಇರ್ಲಿ, ಕುಂದ್ರು," ಎಂದಳು ಸಕ್ರವ್ವ, ಯಾರ ಹೆಸರೂ ಹೇಳದೆ. "ಒಬ್ಬಾಕಿ ಕತ್ತಲ್ಯಾಗ ಹೆಂಗ ಇರ್ತಾಳ? ಇನ್ನೊಂದ ತಾಸ ಆಕಿ ಕೂಡ ಕುಂದ್ರು. ರೊಟ್ಟಿ ನಾ ಬಡಿತೇನಿ." ಹೇಳಿ ಹಿಂದೆ ನೋಡದೆ ಹೋದಳು.

ರೋಷನಬಿ ಏಳುತ್ತ ಗುರುಲಿಂಗವ್ವನ ಕಿವಿಯ ಹತ್ತಿರ ಬಗ್ಗಿದಳು. ಅವಳ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಸೇರಿ ಒಂಬತ್ತು ಮಂದಿ. "ತಂಗಿ, ಮುಂದಿನ ಸಲ ನಿನ್ನ ತಮ್ಮ ಬಂದ್ರ, ಆ ಗ್ವಾಡಿ ಮ್ಯಾಲಿನ ಹಿಡಿಕಿ ನಮ್ಮನಿಗೂ ಒಂದ ಕೂಡಸಾಕ ಹೇಳ," ಎಂದಳು.

ಗುರುಲಿಂಗವ್ವನಿಗೆ ನಗು ಬಂತು. ರೋಷನಬಿ ಹೋದಳು. ಹುಡುಗಿ ಮತ್ತೆ ತಲೆ ಇಟ್ಟಳು. ತಾಸು ಹೊತ್ತು ಗುರುಲಿಂಗವ್ವ ಆ ಕೂದಲಲ್ಲಿ ಬೆರಳಾಡಿಸಿದಳು. ಆಮೇಲೆ ಎದುರು ಮನೆಯಿಂದ ಕರೆ ಬಂತು, ಅವಳೂ ಎದ್ದು ಹೋದಳು.

ಗುರುಲಿಂಗವ್ವ ಒಳಗೆ ಬಂದು ಹಿಡಿಕೆಯ ಮೇಲೆ ಕೈ ಇಟ್ಟಳು. ಎತ್ತಿದರೆ ಬೆಳಕು. ಬೆಳಕಾದರೆ ಕಾಣುವುದು ಒಲೆ, ಮಗ್ಗ, ಒಂದೇ ತಾಟು. ಕೈ ಹಿಂತೆಗೆದಳು. ಕತ್ತಲೆಯಲ್ಲೇ ತಡವಿ ಮಧ್ಯಾಹ್ನದ ಅರ್ಧ ರೊಟ್ಟಿ ತೆಗೆದುಕೊಂಡು, ಮತ್ತೆ ಕಟ್ಟೆಗೆ ಬಂದು, ಕಲ್ಲಿನ್ನೂ ಬೆಚ್ಚಗಿದ್ದ ಜಾಗದಲ್ಲಿ ಕೂತು ಉಂಡಳು.